ಪುಟ್ಟಮ್ಮನ ಬವರಿ

ಪುಟ್ಟಮ್ಮ ಅಬುಧಾಬಿಗೆ ಬಂದದ್ದು ಸೊಸೆಯ ಬಾಣಂತನಕ್ಕೆ. ಸೊಸೆ ಸಿಂಚನಳ ತಾಯಿಗೆ ಆಗಷ್ಟೇ ಮಂಡಿಯ ಆಪರೇಷನ್ ಆಗಿತ್ತು. ಅವರು ಮೈಸೂರಿನ ಮನೆಯಲ್ಲಿ ವಾಕರ್ ಹಿಡಿದು ಹೆಜ್ಜೆ ಕಲಿಯುತ್ತಿದ್ದರು. ಹಾಗಾಗಿ ಮಗ ನಿರಂಜನ ಫೋನ್ ಮಾಡಿ, "ಅವ್ವ, ನೀನೇ ಬರ್ಬೇಕು" ಅಂದಾಗ ಪುಟ್ಟಮ್ಮ ಎರಡನೆಯ ಮಾತಾಡಲಿಲ್ಲ. ಕೊಳ್ಳೇಗಾಲಕ್ಕೆ ಹೋಗಿ ಪಾಸ್‌ಪೋರ್ಟಿಗೆ ಫೋಟೊ ತೆಗೆಸಿಕೊಂಡರು. ಊರಿನಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ನೀರು ಹಾಕಲು ಕರೆಯುತ್ತಿದ್ದದ್ದು ಅವರನ್ನೇ. ಸ್ವಂತ ಮೊಮ್ಮಗಳಿಗೆ ನೀರು ಹಾಕಲು ಕಡಲು ದಾಟಬೇಕೆಂದರೆ ದಾಟುವುದೇ. ಬಜೆ, ಒಣಶುಂಠಿ, ಸಾಂಬ್ರಾಣಿ, ಮನೆಯಲ್ಲೇ ಕಾಯಿಸಿದ ಹರಳೆಣ್ಣೆ ಎಲ್ಲವನ್ನೂ ಸೀರೆಗಳ ಮಧ್ಯೆ ಸುತ್ತಿಟ್ಟುಕೊಂಡು ವಿಮಾನ ಹತ್ತಿದರು.

ನಿರಂಜನನ ಮನೆ ಅಲ್ ರೀಮ್ ಐಲ್ಯಾಂಡಿನ ಒಂದು ಎತ್ತರದ ಕಟ್ಟಡದಲ್ಲಿತ್ತು. ಲಿಫ್ಟಿನ ಬಾಗಿಲು ಮುಚ್ಚಿ ತೆರೆಯುವಷ್ಟರಲ್ಲಿ ಕಿವಿ ಗವ್ವೆನ್ನುವಷ್ಟು ಎತ್ತರ. ಕಿಟಕಿಯಿಂದ ನೋಡಿದರೆ ಕೆಳಗೆ ಹಸಿರು ನೀರು, ಆಚೆ ದಡದಲ್ಲಿ ಕಾಂಡ್ಲಾ ಗಿಡಗಳ ಪೊದೆ, ಇರುವೆಗಳಂತೆ ಹರಿಯುವ ಡೆಲಿವರಿ ಬೈಕುಗಳು. ಮೊದಲ ವಾರ ಪುಟ್ಟಮ್ಮ ಆ ಕಿಟಕಿಯ ಹತ್ತಿರ ಸುಳಿಯಲಿಲ್ಲ. ಆಮೇಲೆ ಕೂಸನ್ನು ಎತ್ತಿಕೊಂಡು ಅಲ್ಲೇ ನಿಂತು ಹಾಡು ಹೇಳುವಷ್ಟು ಧೈರ್ಯ ಬಂತು.

ಎದುರುಬಾಗಿಲ ಮನೆಯಲ್ಲಿ ಸೂಫಿಯಾ ಇದ್ದಳು. ಉಪ್ಪಿನಂಗಡಿ ಕಡೆಯವಳು, ಮನೆಮಾತು ಬ್ಯಾರಿ. ಗಂಡ ಉಮರ್‌ನದು ಬರ್ ದುಬೈಯಲ್ಲಿ ಬಟ್ಟೆ ಅಂಗಡಿ. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವವನು. ಮಕ್ಕಳು ಶಾಲೆಗೆ ಹೋದ ಮೇಲೆ ಸೂಫಿಯಾ ಒಂದು ಲೋಟ ಸುಲೈಮಾನಿ ಚಹಾ ಹಿಡಿದುಕೊಂಡು ಪುಟ್ಟಮ್ಮನ ಹತ್ತಿರ ಬಂದು ಕೂರುವಳು. ಅವಳ ಕನ್ನಡ ಇವರಿಗೆ ಪುಸ್ತಕ ಓದಿದ ಹಾಗೆ ಕೇಳುತ್ತಿತ್ತು, ಇವರ ಕನ್ನಡ ಅವಳಿಗೆ ಅರ್ಧ ತಿಳಿಯುತ್ತಿರಲಿಲ್ಲ. ಆದರೂ ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಿದ್ದರು.

ಒಂದು ಬೆಳಿಗ್ಗೆ ಪುಟ್ಟಮ್ಮ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದಾಗ ಕೋಣೆ ತಿರುಗಿತು. ಮಂಚ, ಬೀರು, ಪರದೆ, ಮೇಲಿನ ದೀಪ ಎಲ್ಲವೂ ಯಾರೋ ಹಿಡಿದು ತಿರುವಿದಂತೆ ಒಂದೇ ಕಡೆಗೆ ಓಡಿದವು. ಅವರು ಹಾಸಿಗೆಯ ಅಂಚನ್ನು ಎರಡೂ ಕೈಯಲ್ಲಿ ಬಿಗಿಹಿಡಿದರು. "ಶಿವನೇ" ಅನ್ನುವಷ್ಟರಲ್ಲಿ ನಿಂತಿತು. ಎದ್ದು ಕೂತಾಗ ಏನೂ ಇರಲಿಲ್ಲ. ಮಾರನೆಯ ದಿನ ಮತ್ತೆ ಹಾಗೇ ಆಯಿತು. ಅದರಾಚೆ ದಿನ ಅಡುಗೆಮನೆಯಲ್ಲಿ ತಲೆಯೆತ್ತಿ ಮೇಲಿನ ಡಬ್ಬಕ್ಕೆ ಕೈಚಾಚಿದಾಗಲೂ ಆಯಿತು.

ಸೂಫಿಯಾ ಬಂದಾಗ ಮೆಲ್ಲನೆ ಕೇಳಿದರು. "ಯಾಕವ್ವ, ಈ ಕಟ್ಟಡ ತಿರುಗ್ತದಾ?"

ಸೂಫಿಯಾ ನಕ್ಕಳು. "ಅಯ್ಯೋ ಅಮ್ಮ, ತಿರುಗುವುದು ಎಂತದು? ಜೋರು ಗಾಳಿ ಬಂದ್ರೆ ಒಂಚೂರು ಅಲ್ಲಾಡ್ತದೆ ಅಂತ ನಮ್ಮ ಇವರು ಹೇಳ್ತಾರೆ. ನಮಗೆ ಗೊತ್ತಾಗುವಷ್ಟು ಇಲ್ಲ."

"ನಂಗ ಗೊತ್ತಾಯ್ತದ ಕನ."

ಸೂಫಿಯಾ ನಗು ನಿಲ್ಲಿಸಿ ಅವರ ಮುಖ ನೋಡಿದಳು. "ನಿರಂಜನಣ್ಣನಿಗೆ ಹೇಳಿ ಅಮ್ಮ, ಇವತ್ತೇ ಹೇಳಿ" ಅಂದಳು.

ಸಂಜೆ ಮಗ ಆಫೀಸಿನಿಂದ ಬಂದು ಶೂ ಬಿಚ್ಚುತ್ತಿದ್ದಾಗ ಪುಟ್ಟಮ್ಮ ಹೇಳಿದರು. "ಮಗ, ನಂಗ್ಯಾಕೋ ಬವರಿ ಬತ್ತದ."

"ತಲೆ ಸುತ್ತಾ?"

"ಹೂಂ. ಬವರಿ."

ನಿರಂಜನ ಮಾರನೆಯ ದಿನವೇ ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಡಾಕ್ಟರು ಇಂಗ್ಲಿಷಿನಲ್ಲಿ ಕೇಳಿದರು, ನಿರಂಜನ ಇಂಗ್ಲಿಷಿನಲ್ಲಿ ಹೇಳಿದ. ನರ್ಸು ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದಾಗ ಹೊಸ ಜಾಗ, ಹೊಸ ಭಾಷೆ, ಬಿಳಿ ಗೋಡೆಗಳ ಮಧ್ಯೆ ಕೂತ ಪುಟ್ಟಮ್ಮನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಬಿಪಿ ಜಾಸ್ತಿ ಇದೆ ಅಂದರು, ಮಾತ್ರೆ ಬರೆದುಕೊಟ್ಟರು. ದಾರಿಯಲ್ಲಿ ನಿರಂಜನ ನಿರಾಳವಾಗಿ ಹೇಳಿದ. "ಏನಿಲ್ಲ ಅವ್ವ, ಬಿಪಿ ಅಷ್ಟೇ. ಉಪ್ಪು ಕಮ್ಮಿ ಮಾಡು. ಊರ ಚಿಂತೆ ಬಿಡು."

ಮಾತ್ರೆ ನುಂಗಲು ಶುರುಮಾಡಿದ ಮೇಲೆ ಬೇರೆಯದೊಂದು ಸೇರಿಕೊಂಡಿತು. ಕೂತವರು ಎದ್ದರೆ ಕಣ್ಣು ಕತ್ತಲಾಗುವುದು, ಕೈಕಾಲಿನ ಶಕ್ತಿ ಇಳಿದು ಹೋಗುವುದು, ದೂರದಿಂದ ಯಾರೋ ಮಾತಾಡಿದಂತೆ ಕೇಳುವುದು. ಹೊರಳಿದಾಗ ಕೋಣೆ ತಿರುಗುವುದೂ ನಿಂತಿರಲಿಲ್ಲ. ಪುಟ್ಟಮ್ಮ ಮಗನಿಗೆ ಇನ್ನೊಂದು ಸಲ ಹೇಳಿದರು. ಅವನು, "ಮಾತ್ರೆಗೆ ಮೈ ಒಗ್ಗೋಕೆ ಟೈಮ್ ಬೇಕು ಅವ್ವ" ಅಂದ. ಅವರೂ ಸುಮ್ಮನಾದರು. ಬಾಣಂತಿಯಿರುವ ಮನೆಯಲ್ಲಿ ತಾವೊಬ್ಬರು ರೋಗಿಯಾಗಿ ಕೂರುವುದು ಅವರಿಗೆ ನಾಚಿಕೆಯ ಸಂಗತಿಯಾಗಿತ್ತು.

ಆಮೇಲೆ ಆ ದಿನ ಬಂತು. ಬಚ್ಚಲಲ್ಲಿ ಪುಟ್ಟಮ್ಮ ಎಂದಿನಂತೆ ಮಣೆಯ ಮೇಲೆ ಕಾಲು ನೀಡಿ ಕೂತು, ಕಾಲ ಮೇಲೆ ಕೂಸನ್ನು ಬೋರಲಾಗಿ ಮಲಗಿಸಿಕೊಂಡು ಬೆನ್ನಿಗೆ ನೀರು ಹುಯ್ಯುತ್ತಿದ್ದರು. ಸಿಂಚನ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದಳು. ಪಕ್ಕದ ಬಕೆಟ್ಟಿನಿಂದ ನೀರು ಮೊಗೆಯಲು ಪುಟ್ಟಮ್ಮ ಬಲಕ್ಕೆ ಬಗ್ಗಿ ತಲೆಯೆತ್ತಿದರು. ಬಚ್ಚಲಿನ ಟೈಲ್ಸುಗಳೆಲ್ಲ ಒಮ್ಮೆಗೇ ಸುತ್ತತೊಡಗಿದವು. ಚೊಂಬು ಕೈಯಿಂದ ಬಿದ್ದು ಠಣ್ಣೆಂದಿತು. ಎಣ್ಣೆ ಹಚ್ಚಿದ ಕೂಸು ಕಾಲ ಮೇಲಿಂದ ಪಕ್ಕಕ್ಕೆ ಜಾರಿತು.

ಸಿಂಚನ ಹೇಗೆ ಹಾರಿದಳೋ ಅವಳಿಗೇ ತಿಳಿಯದು. ಕೂಸಿನ ತಲೆ ನೆಲಕ್ಕೆ ತಾಗುವ ಮೊದಲು ಅವಳ ಅಂಗೈ ಅಡಿಯಲ್ಲಿತ್ತು. ಕೂಸು ಕಿರಿಚಿ ಅಳತೊಡಗಿತು, ಎಲ್ಲೂ ಪೆಟ್ಟಾಗಿರಲಿಲ್ಲ. ಸಿಂಚನ ಅದನ್ನು ಟವೆಲಿನಲ್ಲಿ ಸುತ್ತಿ ಎದೆಗೊತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಪುಟ್ಟಮ್ಮ ನೀರು ಹರಿಯುತ್ತಿದ್ದ ನೆಲದಲ್ಲಿ ಹಾಗೆಯೇ ಕೂತಿದ್ದರು. ತಮ್ಮ ಕಾಲುಗಳನ್ನೇ ನೋಡುತ್ತಿದ್ದರು.

ಅಂದಿನಿಂದ ಕೂಸನ್ನು ಅವರ ಕೈಗೆ ಯಾರೂ ಕೊಡಲಿಲ್ಲ. ಸಿಂಚನ ಸಿಟ್ಟಾಗಲಿಲ್ಲ, ದನಿ ಏರಿಸಲಿಲ್ಲ. "ನೀವು ರೆಸ್ಟ್ ತಗೊಳ್ಳಿ ಅತ್ತೆ, ನಾನು ನೋಡ್ಕೋತೀನಿ" ಅನ್ನುತ್ತಿದ್ದಳು. ಕೂಸು ಅತ್ತಾಗ ಪುಟ್ಟಮ್ಮ ಎದ್ದರೆ ಅವಳು ಅವರಿಗಿಂತ ಮೊದಲೇ ತೊಟ್ಟಿಲ ಹತ್ತಿರ ಇರುತ್ತಿದ್ದಳು. ಪುಟ್ಟಮ್ಮ ದೂರದಿಂದಲೇ ಚಿಟಿಕೆ ಹೊಡೆದು ಕೂಸಿನ ಜೊತೆ ಮಾತಾಡುತ್ತಿದ್ದರು. ಸಿಂಚನಳಿಗೂ ಅದು ಕಾಣುತ್ತಿತ್ತು. ಆದರೆ ಕಣ್ಣು ಮುಚ್ಚಿದರೆ ಜಾರುವ ಕೂಸು ಎದುರಿಗೆ ಬರುತ್ತಿತ್ತು.

"ಮಗ, ನನ್ನ ಊರ್ಗ ಕಳಿಸ್ಬುಡು" ಎಂದು ಪುಟ್ಟಮ್ಮನೇ ಹೇಳಿದರು. "ಬಂದ ಕೆಲ್ಸನ ಮಾಡಕ್ಕಾಗ್ದೆ ಇಲ್ಲಿದ್ದು ಏನ್ ಮಾಡ್ಲಿ?"

ನಿರಂಜನ ಇಲ್ಲ ಅನ್ನಲಿಲ್ಲ. ಅವನ ಮನಸ್ಸಿನಲ್ಲಿ ಯಾರಿಗೂ ಹೇಳದ ಒಂದು ಅನುಮಾನವಿತ್ತು. ಅವ್ವನಿಗೆ ಇದು ಊರ ಬೇಸರ. ಇಪ್ಪತ್ತೈದು ಮನೆಗಳ ಬೀದಿಯಲ್ಲಿ ಬದುಕಿದವಳು ಈ ಗಾಜಿನ ಮನೆಯಲ್ಲಿ ಉಸಿರುಗಟ್ಟಿ ಮೈಮೇಲೆ ರೋಗ ಎಳೆದುಕೊಳ್ಳುತ್ತಿದ್ದಾಳೆ. ಹೋದರೆ ತಾನಾಗಿ ಸರಿಹೋಗುತ್ತದೆ. ಅವನು ಫೋನಿನಲ್ಲಿ ಟಿಕೆಟ್ ನೋಡಲು ಶುರುಮಾಡಿದ.

ವಿಷಯ ತಿಳಿದು ಸೂಫಿಯಾ ಬಾಗಿಲು ಬಡಿದು ಒಳಗೆ ಬಂದಳು. "ಅಣ್ಣ, ನಾನು ಹೇಳಿದ್ದಕ್ಕೆ ಬೇಜಾರು ಮಾಡ್ಬೇಡಿ. ಇಷ್ಟು ತಲೆ ತಿರುಗುವವರನ್ನು ಒಬ್ರನ್ನೇ ವಿಮಾನ ಹತ್ತಿಸ್ತೀರಾ? ನಮ್ಮ ಇವರ ಕುತ್ತಿಗೆ ನೋವಿಗೆ ಎಕ್ಸರ್‌ಸೈಜ್ ಮಾಡಿಸಿದವರು ಒಬ್ರು ಇದ್ದಾರೆ, ಶಿರ್ವದ ವೆರೋನಿಕಾ ಬಾಯಿ. ತಲೆ ತಿರುಗುವವರನ್ನು ನೋಡುವ ಸೆಕ್ಷನ್‌ನಲ್ಲಿ ಇರುವುದು ಅವರೇ. ಕನ್ನಡ ಮಾತಾಡ್ತಾರೆ. ಒಮ್ಮೆ ತೋರಿಸಿ, ಆಮೇಲೆ ಟಿಕೆಟ್ ಮಾಡಿ. ಯಲ್ಲಾ, ತಡ ಬೇಡ, ನಾನೇ ಫೋನ್ ಮಾಡ್ತೇನೆ."

ಅವಳು ನಿಂತಲ್ಲೇ ಫೋನ್ ಮಾಡಿದಳು. ಮಾರನೆಯ ದಿನ ನಿರಂಜನ ತಾಯಿಯನ್ನು ವೆರೋನಿಕಾಳ ಆಸ್ಪತ್ರೆಗೆ ಕರೆದುಕೊಂಡು ಹೋದ.

ವೆರೋನಿಕಾ ನಲವತ್ತು ದಾಟಿದ ಹೆಂಗಸು, ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಫಿಸಿಯೋಥೆರಪಿಸ್ಟ್. ತಲೆ ಸುತ್ತಿನ ರೋಗಿಗಳನ್ನು ದಿನವಿಡೀ ನೋಡಿ ಅವಳಿಗೆ ಒಂದು ವಿಷಯ ಚೆನ್ನಾಗಿ ಗೊತ್ತಾಗಿತ್ತು. ಯಾವ ಭಾಷೆಯ ಜನ ಬಂದರೂ ಒಂದೇ ಶಬ್ದದಲ್ಲಿ ಹತ್ತು ತರದ ತೊಂದರೆ ಹೇಳುತ್ತಾರೆ. ಅರಬರು ದೋಖಾ ಅನ್ನುತ್ತಾರೆ, ಹಿಂದಿಯವರು ಚಕ್ಕರ್, ಮಲಯಾಳಿಗಳು ತಲಕರಕ್ಕಂ, ಅವಳದೇ ಕೊಂಕಣಿಯಲ್ಲಿ ಘುಂವ್ಳಿ. ಲೋಕ ತಿರುಗಿದರೂ ಅದೇ, ಕಣ್ಣು ಕತ್ತಲಾದರೂ ಅದೇ, ಹಸಿವಿನಿಂದ ತಲೆ ಹಗುರಾದರೂ ಅದೇ. ತಿರುಗುವುದು ಹೆಚ್ಚಾಗಿ ಕಿವಿಯ ದೋಷ. ಕತ್ತಲಾಗುವುದು ರಕ್ತದ ಒತ್ತಡದ್ದೋ ಹೃದಯದ್ದೋ ಇರಬಹುದು. ಎರಡಕ್ಕೂ ಚಿಕಿತ್ಸೆ ಬೇರೆ. ಹಾಗಾಗಿ ಅವಳು ರೋಗಿಗಳ ಬಾಯಿಂದಲೇ ಬಿಡಿಸಿ ಬಿಡಿಸಿ ಕೇಳುತ್ತಿದ್ದಳು.

"ಅಮ್ಮ, ನಿಮಗೆ ಎಂತ ಆಗ್ತದೆ? ನೀವೇ ಹೇಳಿ. ಮಗ ಹೇಳುವುದು ಬೇಡ."

ಪುಟ್ಟಮ್ಮ ಸೆರಗು ಸರಿಮಾಡಿಕೊಂಡರು. "ಮದ್ಲು ಬವರಿ ಬತ್ತಿತ್ತು ಕನವ್ವ. ಈಗ ಆ ಮಾತ್ರ ನುಂಗಕ್ಕ ಶುರು ಮಾಡಿದ್ ಮ್ಯಾಲ ಬವಳಿನೂ ಬತ್ತದ."

ನಿರಂಜನ ಅಭ್ಯಾಸಬಲದಿಂದ ಬಾಯಿ ಹಾಕಿದ. "ಮೊದ್ಲೂ ಗಿಡ್ಡಿನೆಸ್ ಇತ್ತು, ಈಗ್ಲೂ ಇದೆ ಅಂತಿದಾರೆ ಮೇಡಂ."

"ಅಲ್ಲ, ಅವರು ಎರಡು ಶಬ್ದ ಹೇಳಿದ್ರಲ್ಲ?"

"ಎರಡೂ ಒಂದೇ. ನಮ್ಮ ಕಡೆ ಮಾತು ಸ್ವಲ್ಪ ಹಂಗೇ ಹೊರಳುತ್ತೆ."

"ಒಂದೇ ಅಲ್ಲ ಕನ ಮಗ" ಎಂದರು ಪುಟ್ಟಮ್ಮ.

ವೆರೋನಿಕಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಬವಳಿ ಅಂದ್ರೆ ನನಗೆ ಗೊತ್ತುಂಟು, ಶಾಲೆಯಲ್ಲಿ ಓದಿದ್ದೇನೆ. ಬವಳಿ ಬಂದು ಬಿದ್ದ ಅಂತ. ಬವರಿ ಅಂದ್ರೆ ಎಂತದಮ್ಮ? ನಾನು ಕೇಳಿದ್ದೇ ಇಲ್ಲ."

ಪುಟ್ಟಮ್ಮನಿಗೆ ಹೇಗೆ ಹೇಳುವುದೆಂದು ತಿಳಿಯಲಿಲ್ಲ. ಮೊದಲು ಬಲಗೈ ಎತ್ತಿ ಗಾಳಿಯಲ್ಲಿ ಬೆರಳನ್ನು ಗಿರಗಿರ ತಿರುಗಿಸಿದರು. "ಇದು ಬವರಿ." ಆಮೇಲೆ ಅಂಗೈಯನ್ನು ಚಪ್ಪಟೆ ಮಾಡಿ ಹಣೆಯ ಮುಂದಿನಿಂದ ಮಡಿಲವರೆಗೆ ನಿಧಾನ ಇಳಿಸಿದರು. "ಇದು ಬವಳಿ. ಜೀವ ಕೆಳಕ್ಕ ಇಳ್ದಂಗಾಯ್ತದ. ಬವರೀಲಿ ಹಂಗಿಲ್ಲ. ನಂಗೇನೂ ಆಗದಿಲ್ಲ, ನಾನು ಇದ್ದಂಗೇ ಇರ್ತೀನಿ. ಮನೇನೇ ಸುತ್ತದು."

"ಈ ಮಾತು ನಿಮ್ಮ ಊರಿನವರೆಲ್ಲ ಹೇಳ್ತಾರಾ?"

"ಎಲ್ರೂ ಹೇಳದಿಲ್ಲ ಕನವ್ವ. ನಮ್ಮಪ್ಪ ಅಂತಿದ್ರು. ಅವ್ರು ಕಂಸಾಳೆಯವ್ರು. ಕೈಲಿ ಕಂಚಿನ ತಾಳ ಹಿಡ್ಕಂಡು ಬೀಸ್ತ ಬೀಸ್ತ ಸುತ್ತಬೇಕಲ್ಲ, ಆ ಸುತ್ತದ್ಕೆ ಬವರಿ ಹೊಡೆಯದು ಅನ್ನರು. ಹೊಸದಾಗಿ ಕಲಿಯವ್ರು ಸುತ್ತಿ ನಿಂತಾಗ ಲೋಕ ತಿರುಗ್ತದ ನೋಡಿ, ಅದ್ಕೂ ಬವರಿ ಅಂತ್ಲೇ ಅನ್ನರು. ಅದ್ಕ ಹೆದರಬ್ಯಾಡ, ನಿಂತೋಯ್ತದ ಅನ್ನರು. ಬವಳಿ ಬಂದ್ರ ಮಾತ್ರ ತಾಳ ಕೆಳಗಿಡು, ಕುಂತ್ಕ, ನೀರು ಕುಡಿ ಅನ್ನರು."

ನಿರಂಜನ ಇದನ್ನೆಲ್ಲ ಮೊದಲ ಸಲ ಕೇಳುತ್ತಿದ್ದ. ತಾತ ಕಂಸಾಳೆ ಕುಣಿಯುತ್ತಿದ್ದರೆಂದು ಗೊತ್ತಿತ್ತು. ಅದರೊಳಗೆ ಇಂಥ ಮಾತುಗಳಿದ್ದವೆಂದು ಗೊತ್ತಿರಲಿಲ್ಲ.

ವೆರೋನಿಕಾ ಒಂದೊಂದಾಗಿ ಕೇಳಿದಳು. ಬವರಿ ಯಾವಾಗ ಬರುತ್ತದೆ? ಹೊರಳಿದರೆ, ತಲೆಯೆತ್ತಿದರೆ. ಯಾವ ಮಗ್ಗುಲಿಗೆ? ಬಲಕ್ಕೆ. ಎಷ್ಟು ಹೊತ್ತು? ಉಸಿರು ಹಿಡಿದು ಬಿಡುವಷ್ಟು. ಬವಳಿ? ಕೂತು ಎದ್ದಾಗ. ಬವಳಿ ಮಾತ್ರೆಗಿಂತ ಮೊದಲು ಇತ್ತಾ? ಒಂದು ದಿನವೂ ಇರಲಿಲ್ಲ.

ಅವಳು ಪುಟ್ಟಮ್ಮನ ತೋಳಿಗೆ ಪಟ್ಟಿ ಸುತ್ತಿ ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದಳು. ನಿಂತಾಗ ತೀರಾ ಕೆಳಗಿಳಿದಿತ್ತು. ಮತ್ತೆ ಮಂಚದ ಮೇಲೆ ಕೂರಿಸಿದಳು.

"ಅಮ್ಮ, ಈಗ ನಾನು ನಿಮ್ಮನ್ನು ಗಕ್ಕನೆ ಮಲಗಿಸ್ತೇನೆ. ಬವರಿ ಬರಬಹುದು. ಬರಲಿ. ನಾನು ತಲೆ ಹಿಡ್ಕೊಂಡಿರ್ತೇನೆ, ಬೀಳಲಿಕ್ಕೆ ಬಿಡುವುದಿಲ್ಲ. ಕಣ್ಣು ಮಾತ್ರ ಮುಚ್ಬೇಡಿ, ನನ್ನ ಮೂಗು ನೋಡಿ."

ಪುಟ್ಟಮ್ಮ ಹೆದರಿ ಮಗನ ಕಡೆ ನೋಡಿದರು. ಅವನು ಬಂದು ಕಾಲ ಹತ್ತಿರ ನಿಂತ. ವೆರೋನಿಕಾ ಅವರ ತಲೆಯನ್ನು ಬಲಕ್ಕೆ ತಿರುಗಿಸಿ ಹಿಡಿದು, ಬೆನ್ನಮೇಲೆ ಮಲಗಿಸಿ, ತಲೆ ಮಂಚದ ಅಂಚಿನಿಂದ ಸ್ವಲ್ಪ ಕೆಳಗಿಳಿಯುವಂತೆ ಮಾಡಿದಳು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಪುಟ್ಟಮ್ಮ ಕೂಗಿಕೊಂಡು ಅವಳ ಮಣಿಕಟ್ಟನ್ನು ಉಗುರು ಊರುವಂತೆ ಹಿಡಿದರು.

"ಬಂತು ಕನವ್ವ! ಬವರಿ ಬಂತು! ಬುಡ್ಬ್ಯಾಡಿ!"

"ಬಿಡುವುದಿಲ್ಲ. ಕಣ್ಣು ತೆರ್ಕೊಳ್ಳಿ. ನಿರಂಜನ, ಇಲ್ಲಿ ಬನ್ನಿ, ನೋಡಿ."

ನಿರಂಜನ ಬಗ್ಗಿ ನೋಡಿದ. ತಾಯಿಯ ಕಣ್ಣುಗುಡ್ಡೆಗಳು ತಾವಾಗಿ ತಿರುಚಿಕೊಂಡು ಜಿಗಿಯುತ್ತಿದ್ದವು, ಮತ್ತೆ ಮತ್ತೆ ಒಂದೇ ಕಡೆಗೆ. ಯಾರೂ ಬೇಕೆಂದು ಮಾಡಲಾಗದ ಚಲನೆ ಅದು. ಅವನು ಊರ ಬೇಸರ ಅಂದುಕೊಂಡದ್ದು ಆ ಕಣ್ಣೊಳಗೆ ಗಿರಕಿ ಹೊಡೆಯುತ್ತಿತ್ತು.

ಕಣ್ಣು ಮೆಲ್ಲಗೆ ನಿಂತಿತು. ವೆರೋನಿಕಾ ಕೆಳದನಿಯಲ್ಲಿ ವಿವರಿಸಿದಳು. ಕಿವಿಯ ಒಳಗೆ ಮರಳಿಗಿಂತ ನುಣ್ಣಗಿನ ಹರಳುಗಳಿರುತ್ತವೆ. ವಯಸ್ಸಾದಾಗ ಕೆಲವು ಜಾಗ ತಪ್ಪಿ ಪಕ್ಕದ ಕೊಳವೆಗೆ ಜಾರುತ್ತವೆ. ತಲೆ ಹೊರಳಿದಾಗ ಅವೂ ಹೊರಳಿ, ನಾವು ಸುತ್ತುತ್ತಿದ್ದೇವೆಂದು ಮೆದುಳಿಗೆ ಸುಳ್ಳು ಹೇಳುತ್ತವೆ. ಅವನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸಬಹುದು. ಮಾತ್ರೆ ಬೇಡ.

ಹಾಗೆ ಹೇಳುತ್ತಲೇ ಅವರ ತಲೆಯನ್ನು ಎಡಕ್ಕೆ ತಿರುಗಿಸಿದಳು, ಸ್ವಲ್ಪ ಹೊತ್ತು ಹಿಡಿದಳು. ಮೈಯನ್ನೂ ಎಡಮಗ್ಗುಲಿಗೆ ಹೊರಳಿಸಿ ಮುಖ ನೆಲದ ಕಡೆ ಮಾಡಿಸಿ ಹಿಡಿದಳು. ಕೊನೆಗೆ ಕುತ್ತಿಗೆಗೆ ಆಸರೆ ಕೊಟ್ಟು ಎಬ್ಬಿಸಿ ಕೂರಿಸಿದಳು. ಪುಟ್ಟಮ್ಮ ಬೆವೆತಿದ್ದರು. ನೀರು ಕುಡಿಸಿ, ಸುಧಾರಿಸಿಕೊಳ್ಳಲು ಬಿಟ್ಟು, ಮತ್ತೆ ಮೊದಲಿನಂತೆ ಬಲಕ್ಕೆ ಮಲಗಿಸಿದಳು.

ಎಲ್ಲರೂ ಕಾದರು.

"ಇಲ್ಲ ಕನವ್ವ" ಎಂದರು ಪುಟ್ಟಮ್ಮ ನಂಬಿಕೆಯಿಲ್ಲದೆ. "ಮನೆ ನಿಂತದ."

ಅವರ ಕಣ್ಣಿನ ಅಂಚಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ಅಳುತ್ತಿದ್ದೇನೆಂದು ಅವರಿಗೆ ಗೊತ್ತಿದ್ದಂತೆ ಕಾಣಲಿಲ್ಲ. ವೆರೋನಿಕಾ ತನ್ನ ಬೆರಳಿನಿಂದಲೇ ಒರೆಸಿದಳು.

ಅದೇ ಆಸ್ಪತ್ರೆಯ ಡಾಕ್ಟರೊಬ್ಬರು ಬಿಪಿ ಮಾತ್ರೆಯನ್ನು ನಿಲ್ಲಿಸಿ, ಮನೆಯಲ್ಲೇ ಶಾಂತವಾಗಿ ಕೂತಾಗ ಕೆಲವು ದಿನ ಬಿಪಿ ನೋಡಿಕೊಳ್ಳಲು ಹೇಳಿದರು. ಹೊರಡುವಾಗ ನಿರಂಜನ ಕಾರಿಡಾರಿನಲ್ಲಿ ವೆರೋನಿಕಾಳ ಹತ್ತಿರ ನಿಂತ. "ಮೇಡಂ, ಅವ್ವ ಮೊದಲ ದಿನವೇ ಹೇಳಿದ್ಲು. ನಾನೇ ಅರ್ಥ ಮಾಡ್ಕೊಳ್ಲಿಲ್ಲ."

"ನಿಮಗೆ ಹೇಗೆ ಗೊತ್ತಾಗ್ಬೇಕು? ಡಿಕ್ಷನರಿಯವರಿಗೆ ಗೊತ್ತುಂಟೋ ಏನೋ, ನೋಡ್ಬೇಕು" ಎಂದಳು ಅವಳು. "ನಮ್ಮ ಅಮ್ಮ ಹೇಳುವ ಎಷ್ಟೋ ಕೊಂಕಣಿ ಶಬ್ದ ನನಗೂ ಗೊತ್ತಿಲ್ಲ. ಕೇಳ್ಳಿಕ್ಕೂ ಹೋಗುವುದಿಲ್ಲ."

ಊಟದ ಬಿಡುವಿನಲ್ಲಿ ಅವಳು ಫೋನಿನಲ್ಲಿ ಹುಡುಕಿದಳು. ಬವರಿ ಇತ್ತು: ಸುತ್ತುವುದು, ತಿರುಗುವುದು, ಹಳಗನ್ನಡದ ಶಬ್ದ. ಬವಳಿಯೂ ಇತ್ತು: ತಲೆ ಸುತ್ತು, ಮೂರ್ಛೆ. ಎರಡೂ ಒಂದೇ ಬೇರಿನಿಂದ ಬಂದಂತಿತ್ತು. ಹಾಗೆ ನೋಡಿದರೆ ನಿರಂಜನ ಹೇಳಿದ್ದೂ ಪೂರ್ತಿ ತಪ್ಪಲ್ಲ. ಆದರೆ ಕೊಳ್ಳೇಗಾಲದ ಕಡೆಯ ಒಬ್ಬ ಕಂಸಾಳೆಯವನಿಗೆ, ಸುತ್ತುವುದೇ ಕೆಲಸವಾದವನಿಗೆ, ಎರಡನ್ನೂ ಬೇರೆ ಬೇರೆ ಇಡುವ ಅಗತ್ಯ ಬಿದ್ದಿತ್ತು. ಅವನು ಇಟ್ಟಿದ್ದ, ಮಗಳು ಉಳಿಸಿಕೊಂಡಿದ್ದಳು. ಆ ವಾರ ವೆರೋನಿಕಾ ತನ್ನ ಒಬ್ಬ ಕನ್ನಡದ ರೋಗಿಯನ್ನು ಉತ್ಸಾಹದಿಂದ, "ನಿಮಗೆ ಬರುವುದು ಬವರಿಯಾ, ಬವಳಿಯಾ?" ಎಂದು ಕೇಳಿದಳು. ಅವರು ಕಕ್ಕಾಬಿಕ್ಕಿಯಾಗಿ, "ಇಲ್ಲ ಮೇಡಂ, ನನಗೆ ಸುಮ್ನೆ ತಲೆ ಸುತ್ತು" ಎಂದರು. ಅವಳು ನಗು ತಡೆದುಕೊಂಡು ಮೊದಲಿನಂತೆ ಬಿಡಿಸಿ ಕೇಳತೊಡಗಿದಳು.

ಮನೆಯಲ್ಲಿ ಸಿಂಚನ ಎಲ್ಲವನ್ನೂ ಗಂಡನಿಂದ ಕೇಳಿಸಿಕೊಂಡಳು. ಅತ್ತೆ ಒಬ್ಬರೇ ಅಡುಗೆಮನೆಯಲ್ಲಿದ್ದಾಗ ಹೋಗಿ ಪಕ್ಕದಲ್ಲಿ ನಿಂತಳು.

"ಅತ್ತೆ, ನಾನು ಕೂಸನ್ನ ನಿಮ್ಮ ಕೈಗೆ ಕೊಡದೆ ಇಷ್ಟು ದಿನ..."

"ಸಿಂಚು, ನೀ ಮಾಡಿದ್ದು ಸರಿನೇ ಕನ. ನಾನಾಗಿದ್ರೂ ಕೊಡ್ತಿರ್ಲಿಲ್ಲ." ಪುಟ್ಟಮ್ಮ ಒಲೆಯ ಉರಿ ಸಣ್ಣ ಮಾಡಿದರು. "ನಂಗ ನಿನ್ ಮ್ಯಾಲ ಬೇಜಾರಿರ್ಲಿಲ್ಲ. ನನ್ನ ಕೈ ಮ್ಯಾಲೇ ಬೇಜಾರಿತ್ತು."

ಸಿಂಚನ ಓಡಿಹೋಗಿ ತೊಟ್ಟಿಲಿನಿಂದ ಕೂಸನ್ನು ಎತ್ತಿಕೊಂಡು ಬಂದು ಅವರ ಮುಂದೆ ಚಾಚಿದಳು. ಪುಟ್ಟಮ್ಮ ಕೈ ಮುಂದೆ ಮಾಡಿದವರು ಹಿಂದಕ್ಕೆ ತೆಗೆದುಕೊಂಡರು. "ಇರ್ಲಿ. ಇನ್ನೊಂದೆರಡು ದಿನ ನೋಡಮ. ಈಗ ನೀನೇ ಇಟ್ಕ." ಆದರೂ ಬಗ್ಗಿ ಕೂಸಿನ ಅಂಗಾಲಿಗೆ ಮೂಗು ಒತ್ತಿದರು. ಅದು ಕಾಲು ಝಾಡಿಸಿ ಅವರ ಗಲ್ಲಕ್ಕೆ ಒದೆಯಿತು. ಇಬ್ಬರೂ ನಕ್ಕರು, ನಗುತ್ತಲೇ ಸಿಂಚನ ಅತ್ತುಬಿಟ್ಟಳು.

ವಾರ ಕಳೆಯಿತು. ಬವಳಿ ಮೊದಲು ಹೋಯಿತು, ಬವರಿಯೂ ಸದ್ಯಕ್ಕೆ ಮರಳಲಿಲ್ಲ. ಪುಟ್ಟಮ್ಮ ಕೂಸನ್ನು ಮೊದಲು ಮಂಚದ ಮಧ್ಯದಲ್ಲಿ ಕೂತು ಎತ್ತಿಕೊಂಡರು, ಆಮೇಲೆ ಸೋಫಾದಲ್ಲಿ, ಆಮೇಲೆ ನಿಂತು. ನೀರು ಹಾಕುವ ದಿನ ಸಿಂಚನ ಪಕ್ಕದಲ್ಲೇ ಕೂತು ಚೊಂಬು ತುಂಬಿಸಿ ಕೊಟ್ಟಳು. ನಿರಂಜನ ಟಿಕೆಟಿನ ಮಾತೆತ್ತಲಿಲ್ಲ.

ಆದರೆ ಬವರಿ ಪೂರ್ತಿ ಹೋಗಿರಲಿಲ್ಲ. ತಿಂಗಳ ಮೇಲೆ ಒಂದು ಶನಿವಾರ ಬೆಳಿಗ್ಗೆ ಪುಟ್ಟಮ್ಮ ಕೋಣೆಯಿಂದ ಕೂಗಿದರು. ನಿರಂಜನ ಓಡಿದ. ಅವರು ಹಾಸಿಗೆ ಹಿಡಿದು ಕಣ್ಣರಳಿಸಿ ಮಲಗಿದ್ದರು. ಈ ಸಲ ಅವರ ಮುಖದಲ್ಲಿ ಮೊದಲಿನ ಗಾಬರಿ ಇರಲಿಲ್ಲ. "ಬಂದದ ಮಗ. ಬವರಿನೇ. ಬವಳಿ ಅಲ್ಲ" ಎಂದರು ಸ್ಪಷ್ಟವಾಗಿ.

ಮರಳಿ ಬರಬಹುದು, ಬಂದರೆ ಹೆದರಬೇಡಿ ಎಂದು ವೆರೋನಿಕಾ ಮೊದಲೇ ಹೇಳಿದ್ದಳು. ನಿರಂಜನ ಅವಳಿಗೆ ವಿಡಿಯೋ ಕಾಲ್ ಮಾಡಿದ. ಅವಳು ರಜೆಯಲ್ಲಿ ತನ್ನೂರು ಶಿರ್ವದಲ್ಲಿದ್ದಳು. ಹಿಂದೆ ಕೋಳಿ ಕೂಗುತ್ತಿತ್ತು. "ಫೋನ್ ಸಿಂಚನಳ ಕೈಗೆ ಕೊಡಿ. ನೀವು ಮಂಚದ ತಲೆಕಡೆ ಬನ್ನಿ" ಎಂದಳು. "ಎರಡೂ ಕೈಯಲ್ಲಿ ಅಮ್ಮನ ತಲೆ ಹಿಡ್ಕೊಳ್ಳಿ. ಕಿವಿಯ ಹಿಂದೆ ಬೆರಳು ಹೋಗ್ಬೇಕು. ಹೆದರ್ಬೇಡಿ, ಗಟ್ಟಿ ಹಿಡೀರಿ."

ನಿರಂಜನ ಹಿಡಿದ. ತಾಯಿಯ ತಲೆ ಇಷ್ಟು ಚಿಕ್ಕದು, ಇಷ್ಟು ಬೆಚ್ಚಗೆ ಇರುತ್ತದೆಂದು ಅವನಿಗೆ ತಿಳಿದಿರಲಿಲ್ಲ. ಕೂದಲಿನಲ್ಲಿ ಹರಳೆಣ್ಣೆಯ ವಾಸನೆ. ವೆರೋನಿಕಾ ಹೇಳಿದಂತೆ ಮೊದಲು ಕೂರಿಸಿ, ತಲೆಯನ್ನು ಬಲಕ್ಕೆ ತಿರುಗಿಸಿ ಮಲಗಿಸಿದ, ಅವರು ಅವನ ಮುಂಗೈ ಹಿಡಿದುಕೊಂಡು, "ಸುತ್ತತಾ ಅದ, ಸುತ್ತತಾ ಅದ... ಈಗ ನಿಂತದ" ಎಂದು ಹೇಳುತ್ತಾ ಹೋದರು. ಎಡಕ್ಕೆ ತಿರುಗಿಸಿದ. ಮಗ್ಗುಲು ಹೊರಳಿಸಿದ. ಎಬ್ಬಿಸಿ ಕೂರಿಸಿದ. ಫೋನಿನೊಳಗಿಂದ ವೆರೋನಿಕಾ, "ಭಾರೀ ಲಾಯ್ಕ ಮಾಡಿದ್ರಿ. ಇನ್ನು ಸ್ವಲ್ಪ ಹೊತ್ತು ಹಾಗೇ ಕೂತಿರ್ಲಿ" ಎಂದಳು. ಸಿಂಚನ ಫೋನಿಟ್ಟು ಕಾಫಿ ಮಾಡಲು ಹೋದಳು.

"ಬುಡು ಮಗ, ನಿಂತೋಯ್ತು" ಎಂದರು ಪುಟ್ಟಮ್ಮ.

ಅವನು ಕೈ ತೆಗೆಯಲಿಲ್ಲ. ಹಿಂದೆಯೇ ಕೂತು, "ಅವ್ವ, ತಾತ ಕುಣಿಯೋದ್ನ ನೀನು ನೋಡ್ತಿದ್ಯಾ?" ಎಂದು ಕೇಳಿದ.

"ನೋಡದೇನು, ನಾನೂ ಕುಣ್ದಿವ್ನಿ."

"ನೀನಾ?"

"ಹೆಣ್ಮಕ್ಕ ಕುಣಿಯಂಗಿರ್ಲಿಲ್ಲ. ಅಪ್ಪ ಕೂಲಿಗೋದಾಗ ತಾಳ ಎತ್ಕಂಡು ಹಿತ್ಲಿಗೆ ಹೋಗವ್ಳು. ಒಂದಿನ ಸಿಕ್ಕಾಕ್ಕಂಡೆ. ಹೊಡೀತರ ಅಂದ್ಕಂಡೆ. ಅವ್ರು ಗ್ವಾಡೆಗೆ ಒರಗಿ ನಿಂತ್ಕಂಡು, ಇನ್ನೊಂದು ಬವರಿ ಹೊಡಿ ನೋಡಮ ಅಂದ್ರು. ಹೊಡ್ದೆ. ಕಾಲು ತಪ್ಪತಾ ಅದ, ಎಡಗಾಲು ಊರು ಅಂತ ಹೇಳ್ಕೊಟ್ರು. ನಿಮ್ಮಜ್ಜಿಗ ಗೊತ್ತಾಗದಂಗ ವಾರಕ್ಕೊಂದ್ಸಲ ಹೇಳ್ಕೊಡರು."

"ಆಮೇಲೆ?"

"ಆಮ್ಯಾಕೇನು, ಮದ್ವೆ ಆಯ್ತು." ಪುಟ್ಟಮ್ಮ ಸೆರಗಿನಿಂದ ಹಣೆ ಒರೆಸಿಕೊಂಡರು. "ಚೆಂದಾಗಿ ಹೊಡೀತಿದ್ದೆ ಕನ ಮಗ. ಅಪ್ಪನೇ ಅಂದಿದ್ರು" ಎಂದರು.

ನಿರಂಜನ ಮಂಚ ಬಳಸಿ ಬಂದು ಅವರ ಎದುರಿಗೆ ನೆಲದ ಮೇಲೆ ಕೂತ. "ಹೇಳು ಅವ್ವ" ಅಂದ. "ಎಡಗಾಲು ಎಲ್ಲಿ ಊರ್ಬೇಕು?"

ಪುಟ್ಟಮ್ಮ ಮಂಚದಿಂದ ಕಾಲು ಇಳಿಬಿಟ್ಟು, ಸೀರೆಯನ್ನು ಒಂದಿಷ್ಟು ಮೇಲಕ್ಕೆ ಎತ್ತಿ, ಹಿಮ್ಮಡಿಯನ್ನು ನೆಲಕ್ಕೆ ಊರಿ ತೋರಿಸತೊಡಗಿದರು.